ಹವೆ ಹೊಯ್ದಾಡುವ ದಿನ ಕಡಲ ತೀರದಲ್ಲಿ ಫೋಟೊ ತೆಗೆಯುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನಾಳೆ ಸಮುದ್ರದ ಫೋಟೊ ತೆಗೆಯೋಕೆ ಹೋಗಬೇಕು ಅಂದುಕೊಂಡಿದ್ದೆ. ಮೋಡ, ಗಾಳಿ, ಆಗಾಗ ಮಳೆ ಅಂತ ಮುನ್ಸೂಚನೆ ಇದೆ. ಹೋಗಲೋ ಬೇಡವೋ?"

ಹೋಗಿ. ಎರಡು ಸಂದರ್ಭ ಮಾತ್ರ ಬಿಟ್ಟುಬಿಡಿ. ಒಂದು, ಗುಡುಗು-ಸಿಡಿಲಿನ ಸೂಚನೆ ಇದ್ದಾಗ. ಇನ್ನೊಂದು, ಬಿರುಗಾಳಿ ಅಥವಾ ದೊಡ್ಡ ಅಲೆಗಳ ಬಗ್ಗೆ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಾಗ. ಉಳಿದ ಹೊಯ್ದಾಟದ ದಿನಗಳು ನಮ್ಮ ಪಾಲಿಗೆ ಒಳ್ಳೆಯ ದಿನಗಳೇ. ಮೋಡವೇ ಇಲ್ಲದ ನೀಲಿ ಆಕಾಶದ ಕೆಳಗೆ ಸಮುದ್ರ ಚಂದ ಕಾಣುತ್ತದೆ, ಆದರೆ ಫೋಟೊದಲ್ಲಿ ಬೇಗ ಸಪ್ಪೆಯಾಗುತ್ತದೆ. ಮಳೆ ಬರುವ ಮುಂಚಿನ ಅರ್ಧ ಗಂಟೆ, ನಿಂತ ಮೇಲಿನ ಅರ್ಧ ಗಂಟೆ, ಈ ಎರಡರಲ್ಲಿ ಸಿಗುವ ಬೆಳಕು ಬೇರೆ ಯಾವಾಗಲೂ ಸಿಗುವುದಿಲ್ಲ.

ಆದರೆ ಇಂಥ ದಿನ ಸುಮ್ನೆ ಕ್ಯಾಮೆರಾ ಎತ್ತಿಕೊಂಡು ಹೊರಟರೆ ಆಗುವುದಿಲ್ಲ. ಉಬ್ಬರ-ಇಳಿತದ ಸಮಯ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಆಕಾಶ ಇನ್ನೊಂದು ಗಂಟೆಗೆ ಹೇಗಿರುತ್ತದೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ಗೊತ್ತಿರುವ ನೀರಿನ ಮೇಲೆ ದಿನದ ಯೋಜನೆ ಹಾಕಿ. ಯಾವ ಫೋಟೊ ತೆಗೆಯಬೇಕು ಅನ್ನುವುದನ್ನು ಆಕಾಶಕ್ಕೆ ಬಿಡಿ. ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಬಂಗಾರದ ಸೂರ್ಯಾಸ್ತವೇ ಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ, ಅದು ಸಿಗದೆ ಬೇಜಾರು ಮಾಡಿಕೊಂಡು ವಾಪಸ್ ಬರುತ್ತಾರೆ.

1. ಮೊದಲು ನೀರಿನ ಲೆಕ್ಕ ನೋಡಿ

ಉಬ್ಬರ ಎಂದರೆ ಸಮುದ್ರದ ಮಟ್ಟ ಏರುವುದು, ಇಳಿತ ಎಂದರೆ ತಗ್ಗುವುದು. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಉಬ್ಬರ, ಎರಡು ಇಳಿತ ಆಗುತ್ತವೆ. ಅಂದರೆ ಇವತ್ತು ಸಂಜೆ 5ಕ್ಕೆ ಇಳಿತ ಇದ್ದರೆ ನಾಳೆ ಸುಮಾರು 5:50ಕ್ಕೆ. ದಿನಕ್ಕೆ ಒಂದೇ ಉಬ್ಬರ ಇರುವ ಕರಾವಳಿಗಳೂ ಇವೆ. ಅದಕ್ಕೇ ನೀವು ಹೋಗುವ ಜಾಗಕ್ಕೆ ಹತ್ತಿರದ ಬಂದರಿನ ಪಟ್ಟಿಯನ್ನೇ ನೋಡಬೇಕು. ಬೇರೆ ಊರಿನ ಸಮಯ ಇಲ್ಲಿಗೆ ಹೊಂದುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ ಏರುತ್ತದೆ, ಇಳಿತದಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ವ್ಯತ್ಯಾಸ ಕಡಿಮೆ. ಒದ್ದೆ ಮರಳಿನ ಮೇಲೆ ಆಕಾಶದ ಪ್ರತಿಬಿಂಬ ಬೇಕು, ಬಂಡೆಗಳ ನಡುವಿನ ನೀರಿನ ಗುಂಡಿಗಳು ಬೇಕು ಅಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರದ ಇಳಿತ ಹುಡುಕಿ. ಬಂಡೆಗೆ ಅಲೆ ಬಡಿದು ಚಿಮ್ಮುವ ಚಿತ್ರ ಬೇಕಾದರೆ ಉಬ್ಬರದ ಹೊತ್ತು, ಅದೂ ಎತ್ತರದ ಜಾಗದಿಂದ, ದೂರ ನಿಂತು.

ನೀರು ಏರುವ ವೇಗ ಒಂದೇ ಸಮ ಇರುವುದಿಲ್ಲ. ದಿನಕ್ಕೆ ಎರಡು ಉಬ್ಬರ ಬರುವ ಕಡೆ ನಾವಿಕರು ಒಂದು ಸರಳ ಲೆಕ್ಕ ಬಳಸುತ್ತಾರೆ. ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದನೆಯದರಲ್ಲಿ 2, ಆರನೆಯದರಲ್ಲಿ 1. ಮೊದಲ ಗಂಟೆಯಲ್ಲಿ "ನೀರು ಏರುತ್ತಲೇ ಇಲ್ಲವಲ್ಲ" ಅನಿಸುತ್ತದೆ. ನಡುವಿನ ಎರಡು ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಬಂಡೆಯ ಆಚೆ ಹೋದವರು ವಾಪಸ್ ಬರಲಾಗದೆ ಸಿಕ್ಕಿಹಾಕಿಕೊಳ್ಳುವುದು ಹೀಗೇ.

ನನ್ನ ಸಲಹೆ: ಇಳಿತಕ್ಕೆ ಒಂದೂವರೆ-ಎರಡು ಗಂಟೆ ಮೊದಲೇ ತಲುಪಿ. ಹಿಂದೆ ಸರಿಯುತ್ತಿರುವ ನೀರಿನ ಜೊತೆ ಕೆಲಸ ಮಾಡಿ. ನೀರು ತಿರುಗಿದ ಮೇಲೆ ಕೆಳಗಿನ ಬಂಡೆಗಳಲ್ಲಿ ಉಳಿಯಬೇಡಿ.

ಹೊಯ್ದಾಟದ ಹವೆಯಲ್ಲಿ ಇನ್ನೊಂದು ವಿಷಯ ನೆನಪಿಡಿ. ಪಟ್ಟಿಯಲ್ಲಿ ಇರುವುದು ಸೂರ್ಯ-ಚಂದ್ರರ ಲೆಕ್ಕ ಮಾತ್ರ. ವಾಯುಭಾರ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಕುಸಿದರೆ ಸಮುದ್ರದ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ದಡದ ಕಡೆಗೆ ಬೀಸುವ ಜೋರು ಗಾಳಿ ನೀರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ವಾಯುಭಾರ ಕುಸಿತ ಇದ್ದ ದಿನ ನೀರು ಪಟ್ಟಿಗಿಂತ ಮೇಲೆ ಬರುತ್ತದೆ ಎಂದೇ ಲೆಕ್ಕ ಹಾಕಿ.

2. ಅಲೆಯ ಎತ್ತರ ಮಾತ್ರ ನೋಡಿದರೆ ಸಾಲದು

ಮುನ್ಸೂಚನೆಯಲ್ಲಿ "ಅಲೆ 1.5 ಮೀಟರ್" ಅಂತ ಇರುತ್ತದೆ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ ಇದು. ಅಂದರೆ ಇದಕ್ಕಿಂತ ದೊಡ್ಡವೂ ಬರುತ್ತವೆ. ಆಗೊಮ್ಮೆ ಈಗೊಮ್ಮೆ ಸುಮಾರು ಎರಡರಷ್ಟು ಎತ್ತರದ್ದೂ ಬರಬಹುದು. ಅದು ಸಮುದ್ರದ ಮಾಮೂಲಿ ಲೆಕ್ಕವೇ, ಅಪರೂಪದ ಅಪಘಾತ ಅಲ್ಲ.

ಅದರ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಅಂತರ ಅದು. 5-6 ಸೆಕೆಂಡ್ ಇದ್ದರೆ ಹತ್ತಿರದ ಗಾಳಿ ಎಬ್ಬಿಸಿದ ಗಡಿಬಿಡಿಯ ಅಲೆಗಳು. 12 ಸೆಕೆಂಡ್ ದಾಟಿದರೆ ದೂರದ ಬಿರುಗಾಳಿಯಿಂದ ಉರುಳಿ ಬರುತ್ತಿರುವ ಅಲೆಗಳು. ಇವಕ್ಕೆ ಸ್ವೆಲ್ ಎನ್ನುತ್ತಾರೆ. ಎತ್ತರ ಒಂದೇ ಇದ್ದರೂ ಸ್ವೆಲ್‌ಗೆ ಶಕ್ತಿ ಜಾಸ್ತಿ, ದಡದ ಮೇಲೆ ಜಾಸ್ತಿ ದೂರ ಏರುತ್ತದೆ. ನೀವಿರುವ ಕಡೆ ಗಾಳಿಯೇ ಇಲ್ಲ, ಬಿಸಿಲಿದೆ, ಆದರೂ ಸ್ವೆಲ್ ಬರಬಹುದು. ಫೋಟೊಗೆ ಸ್ವೆಲ್ ಚಂದ, ಯಾಕೆಂದರೆ ಅಲೆಗಳ ಸಾಲು ಅಚ್ಚುಕಟ್ಟಾಗಿರುತ್ತದೆ. ಅಪಾಯ ಇರುವುದೂ ಅದರಲ್ಲೇ. ವಿಂಡಿಯಂಥ ಆ್ಯಪ್‌ಗಳಲ್ಲಿ ಎತ್ತರ, ಅಂತರ, ದಿಕ್ಕು ಮೂರೂ ಸಿಗುತ್ತವೆ. ಸಾಧ್ಯವಾದರೆ ದಡದಲ್ಲಿರುವ ಮೀನುಗಾರರನ್ನೂ ಕೇಳಿ. ಆ ಜಾಗದಲ್ಲಿ ನೀರು ಎಲ್ಲಿಂದ ನುಗ್ಗುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಆ್ಯಪ್‌ಗೆ ಗೊತ್ತಿರುವುದಿಲ್ಲ.

3. ಮೋಡದ ಎತ್ತರ ನೋಡಿ

"ಮೋಡ 80 ಶೇಕಡಾ" ಎಂಬ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೋಡ ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ. ಹವಾಮಾನದ ಆ್ಯಪ್‌ಗಳು ಕೆಳಗಿನ, ನಡುವಿನ, ಮೇಲಿನ ಮೋಡ ಅಂತ ಬೇರೆ ಬೇರೆಯಾಗಿ ತೋರಿಸುತ್ತವೆ.

ಸಂಜೆ ಆಕಾಶ ಕೆಂಪೇರಬೇಕು ಅಂದರೆ ಮೇಲೆ ಅಥವಾ ನಡುವೆ ಮೋಡ ಇರಬೇಕು, ಸೂರ್ಯ ಮುಳುಗುವ ಕಡೆ ದಿಗಂತದಲ್ಲಿ ಸ್ವಲ್ಪ ತೆರವು ಇರಬೇಕು. ಆ ಸಂದಿಯಿಂದ ಬೆಳಕು ನುಗ್ಗಿ ಮೋಡದ ಹೊಟ್ಟೆಗೆ ಬಣ್ಣ ಹಚ್ಚುತ್ತದೆ. ದಿಗಂತದವರೆಗೂ ಕೆಳಮೋಡ ದಟ್ಟವಾಗಿ ಹಾಸಿದ್ದರೆ ಬಣ್ಣದ ಆಸೆ ಬಿಡಿ. ಅದಕ್ಕೆ ಬೇರೆ ಥರದ ಫೋಟೊ ಇದೆ, ಮುಂದೆ ಹೇಳುತ್ತೇನೆ.

ದಿಗಂತದಲ್ಲಿ ಸಂದಿ ಕಂಡರೆ ಸೂರ್ಯ ಮುಳುಗಿದ ತಕ್ಷಣ ಚೀಲ ಕಟ್ಟಬೇಡಿ. ಎತ್ತರದ ಮೋಡಗಳಿಗೆ ಬಣ್ಣ ಬರುವುದು ಹೆಚ್ಚಾಗಿ ಸೂರ್ಯ ದಿಗಂತದ ಕೆಳಗೆ ಹೋದ ಮೇಲೆ, ಹತ್ತು-ಹದಿನೈದು ನಿಮಿಷ ಕಳೆದು. ಜನ ಎದ್ದು ಹೊರಡುವ ಹೊತ್ತಿಗೆ ಆಕಾಶ ಹೊತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಇದು ನನಗೆ ಸಂಕಟ ತರಿಸುತ್ತದೆ.

ಮಳೆ ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅನ್ನುವುದಕ್ಕೆ ಹೊರಡುವ ಮುಂಚೆ ಮಳೆಯ ರಾಡಾರ್ ನೋಡಿ. ಹಿಂದಿನ ದಿನದ ಮುನ್ಸೂಚನೆಗಿಂತ ಅರ್ಧ ಗಂಟೆ ಹಿಂದಿನ ರಾಡಾರ್ ಹೆಚ್ಚು ನಂಬಬಹುದು.

ಗಾಳಿಯ ದಿಕ್ಕೂ ನೋಡಿ. "ಪಶ್ಚಿಮದ ಗಾಳಿ" ಎಂದರೆ ಪಶ್ಚಿಮದಿಂದ ಬರುವ ಗಾಳಿ. ಸಮುದ್ರದಿಂದ ನಿಮ್ಮ ಮುಖಕ್ಕೇ ಬೀಸುತ್ತಿದ್ದರೆ ಲೆನ್ಸ್ ಮೇಲೆ ಉಪ್ಪುಹನಿ ಖಂಡಿತ. ನೆಲದ ಕಡೆಯಿಂದ ಬೀಸುವಾಗ ಲೆನ್ಸ್ ಒಣಗಿರುತ್ತದೆ, ಅಲೆಯ ತುದಿಯ ನೊರೆಯೂ ಹಿಂದಕ್ಕೆ ಹಾರಿ ಚಂದ ಕಾಣುತ್ತದೆ.

4. ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಕ್ಯಾಮೆರಾ, ಅಗಲ ನೋಟ ಹಿಡಿಯುವ ವೈಡ್ ಲೆನ್ಸ್ ಒಂದು, ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಜೂಮ್ ಒಂದು, ಗಟ್ಟಿ ಟ್ರೈಪಾಡ್. ಇಷ್ಟು ಎಲ್ಲರೂ ಒಯ್ಯುತ್ತಾರೆ. ಮರೆಯುವುದು ಇವನ್ನು: ನಾಲ್ಕೈದು ಮೈಕ್ರೊಫೈಬರ್ ಬಟ್ಟೆ (ಒಂದೇ ಬಟ್ಟೆ ಹತ್ತು ನಿಮಿಷದಲ್ಲಿ ಉಪ್ಪುಪ್ಪಾಗುತ್ತದೆ), ಸಣ್ಣ ಬಾಟಲಿಯಲ್ಲಿ ಸಿಹಿನೀರು, ಧೂಳು ಊದುವ ರಬ್ಬರ್ ಬುರುಡೆ, ಕ್ಯಾಮೆರಾ ಮುಚ್ಚಲು ಮಳೆ ಕವರ್ ಅಥವಾ ದಪ್ಪ ಪ್ಲಾಸ್ಟಿಕ್ ಚೀಲ, ತಲೆಗೆ ಕಟ್ಟುವ ಟಾರ್ಚ್, ಒಳ್ಳೆಯ ಹಿಡಿತದ ಶೂ. ಚಪ್ಪಲಿ ಬೇಡ.

ಲೆನ್ಸ್ ಬದಲಿಸುವುದಿದ್ದರೆ ವಾಹನದ ಒಳಗೆ ಬದಲಿಸಿಕೊಳ್ಳಿ. ಗಾಳಿ ಬೀಸುವ ಮರಳಿನಲ್ಲಿ ಕ್ಯಾಮೆರಾ ಬಾಯಿ ತೆರೆದರೆ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುವ ಮರಳು, ಉಪ್ಪು ತೆಗೆಯುವುದು ದೊಡ್ಡ ಕೆಲಸ.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.

5. ತಲುಪಿದ ಮೇಲೆ ಮೊದಲ 20 ನಿಮಿಷ ಕ್ಯಾಮೆರಾ ತೆಗೆಯಬೇಡಿ

ಇದೊಂದು ಹಂತವನ್ನು ದಯವಿಟ್ಟು ಬಿಡಬೇಡಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸಣ್ಣ ಅಲೆಗಳು ಬಂದು, ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರಬಹುದು. ಬಂದ ಕೂಡಲೇ ಕಂಡ ಶಾಂತ ಸಮುದ್ರವನ್ನು ನಂಬಿ ಬಂಡೆಗೆ ಇಳಿದವರು ತೊಂದರೆಗೆ ಸಿಕ್ಕುತ್ತಾರೆ. ಎತ್ತರದಲ್ಲಿ ನಿಂತು 20 ನಿಮಿಷ ನೋಡಿ. ಅತಿ ದೊಡ್ಡ ಅಲೆ ಎಲ್ಲಿವರೆಗೆ ಬಂತು? ಅದಕ್ಕಿಂತ ಸಾಕಷ್ಟು ಮೇಲೆ ನಿಮ್ಮ ಜಾಗ.

ಬಂಡೆಗಳೂ ಸುಳಿವು ಕೊಡುತ್ತವೆ. ಒದ್ದೆಯಾಗಿರುವ ಬಂಡೆ ಎಂದರೆ ಇತ್ತೀಚೆಗೆ ಅಲ್ಲಿಗೆ ನೀರು ಬಂದಿದೆ ಎಂದರ್ಥ. ಹಸಿರು ಅಥವಾ ಕಪ್ಪು ಪಾಚಿ ಇದ್ದರೆ ಕಾಲಿಡಲೇಬೇಡಿ, ಎಂಥ ಶೂ ಇದ್ದರೂ ಜಾರುತ್ತದೆ. ಮಳೆಯ ದಿನ ಮಳೆ ತೋಯಿಸಿದ್ದು ಯಾವುದು, ಅಲೆ ತೋಯಿಸಿದ್ದು ಯಾವುದು ಗೊತ್ತಾಗುವುದಿಲ್ಲ. ಆಗ ಅಲೆ ನೋಡಿಯೇ ತೀರ್ಮಾನಿಸಬೇಕು. ಮಳೆ ಕುಡಿದ ಕಡಿದಾದ ಮಣ್ಣಿನ ದಿಬ್ಬದ ಅಂಚಿಗೂ ಹೋಗಬೇಡಿ, ಬುಡದಲ್ಲೂ ನಿಲ್ಲಬೇಡಿ, ಕುಸಿಯುತ್ತದೆ.

ಇದೇ ಹೊತ್ತಿನಲ್ಲಿ ವಾಪಸ್ ಹೋಗುವ ದಾರಿ ನೋಡಿಟ್ಟುಕೊಳ್ಳಿ. ಕತ್ತಲಾದ ಮೇಲೆ, ನೀರು ಏರಿದ ಮೇಲೆ, ಮಳೆಯಲ್ಲಿ ಅದೇ ದಾರಿ ನಡೆಯಲು ಆಗುತ್ತದಾ ಅಂತ ಕೇಳಿಕೊಳ್ಳಿ. ಆಗಲ್ಲ ಅನಿಸಿದರೆ ಆ ಜಾಗ ಬೇಡ. ಎಷ್ಟೇ ಒಳ್ಳೆಯ ಫ್ರೇಮ್ ಇದ್ದರೂ ಬೇಡ. ಕೆಲಸ ಮಾಡುವಾಗ ಸಮುದ್ರಕ್ಕೆ ಬೆನ್ನು ಹಾಕಬೇಡಿ. ಇಬ್ಬರಿದ್ದರೆ ಒಬ್ಬರ ಕಣ್ಣು ಸದಾ ನೀರಿನ ಮೇಲಿರಲಿ.

6. ಟ್ರೈಪಾಡ್ ಊರುವುದು

ಒದ್ದೆ ಮರಳಿನಲ್ಲಿ ಅಲೆ ಹಿಂದೆ ಸರಿದಾಗ ಕಾಲಿನ ಸುತ್ತಲಿನ ಮರಳೂ ಸರಿಯುತ್ತದೆ, ಟ್ರೈಪಾಡ್ ಕುಸಿಯುತ್ತದೆ. ಫೋಟೊ ಅಲುಗಾಡಿ ಮಸುಕಾಗಿದೆ ಅಂತ ನನಗೆ ಬರುವ ದೂರುಗಳಲ್ಲಿ ಜಾಸ್ತಿ ಇದೇ ಕಾರಣ. ಮೂರು ಕಾಲನ್ನೂ ಮರಳಿಗೆ ಚೆನ್ನಾಗಿ ಒತ್ತಿ ಊರಿ. ಒಂದೆರಡು ಅಲೆ ಬಂದು ಹೋಗಲಿ, ಆಮೇಲೆ ಮತ್ತೆ ಮಟ್ಟ ನೋಡಿ, ಆಮೇಲೆ ಕ್ಲಿಕ್ ಮಾಡಿ. ನಡುವಿನ ಕಂಬ ಎತ್ತಬೇಡಿ, ಗಾಳಿಗೆ ನಡುಗುತ್ತದೆ.

ಸಾಮಾನ್ಯವಾಗಿ ದಪ್ಪ ಭಾಗವನ್ನು ಮೊದಲು ಎಳೆಯುತ್ತೇವೆ ಅಲ್ವಾ? ನೀರಿನಲ್ಲಿ ಊರುವಾಗ ಕೆಳಗಿನ ತೆಳು ಭಾಗವನ್ನು ಮೊದಲು ಪೂರ್ತಿ ಎಳೆಯಿರಿ. ಆಗ ಬಿಗಿಯುವ ಕೀಲುಗಳು ಉಪ್ಪುನೀರು, ಮರಳಿನಿಂದ ಮೇಲೆ ಉಳಿಯುತ್ತವೆ. ಅಲೆ ಬರುವ ಜಾಗದಲ್ಲಿ ಟ್ರೈಪಾಡ್ ಬಿಟ್ಟು ದೂರ ಹೋಗಬೇಡಿ. ದೊಡ್ಡ ಅಲೆ ಬಂದರೆ ಮೊದಲು ನೀವು ಓಡಿ, ಕೈಗೆ ಸಿಕ್ಕರೆ ಮಾತ್ರ ಟ್ರೈಪಾಡ್.

7. ಷಟರ್ ವೇಗ: ನೀರು ಹೇಗೆ ಕಾಣಬೇಕು?

ಷಟರ್ ವೇಗ ಎಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಅವಧಿ. ಸಮುದ್ರದಲ್ಲಿ ಚಿತ್ರದ ಸ್ವಭಾವ ನಿರ್ಧಾರವಾಗುವುದು ಇದರಿಂದಲೇ.

ಚಿಮ್ಮಿದ ಹನಿ ಹನಿಯೂ ನಿಲ್ಲಬೇಕಾದರೆ 1/1000 ಸೆಕೆಂಡ್ ಅಥವಾ ಇನ್ನೂ ವೇಗ. 30 ಸೆಕೆಂಡ್ ಮೀರಿದರೆ ಅಲೆಗಳೆಲ್ಲ ಕರಗಿ ಮಂಜಿನಂತೆ ಹರಡುತ್ತವೆ. ಎಲ್ಲರೂ ಈ ಎರಡು ತುದಿಗಳಿಗೇ ಹೋಗುತ್ತಾರೆ. ನನಗೆ ಇಷ್ಟ ಇವೆರಡರ ನಡುವಿನದು: 1/4 ಸೆಕೆಂಡಿನಿಂದ 1 ಸೆಕೆಂಡ್. ಅಲೆ ಮೇಲೆ ಬರುವಾಗ ಬೇಡ. ಬಂದು, ನಿಂತು, ಹಿಂದೆ ಸರಿಯಲು ಶುರು ಮಾಡಿದ ಕ್ಷಣ ಒತ್ತಿ. ನೊರೆ ಎಳೆ ಎಳೆಯಾಗಿ ಸಮುದ್ರದ ಕಡೆ ಎಳೆದುಕೊಂಡು ಹೋಗುತ್ತದೆ, ನೋಡುವವರ ಕಣ್ಣನ್ನೂ ಒಳಗೆ ಕರೆದೊಯ್ಯುತ್ತದೆ. ಒಂದೇ ಸಲಕ್ಕೆ ಬರುವುದಿಲ್ಲ. ಅದೇ ಫ್ರೇಮ್ ಇಟ್ಟುಕೊಂಡು ಹತ್ತಾರು ಅಲೆಗಳಿಗೆ ಕಾಯಿರಿ.

ಅಪರ್ಚರ್, ಅಂದರೆ ಲೆನ್ಸ್ ಒಳಗಿನ ಬೆಳಕಿನ ಕಿಂಡಿ, ಎಫ್/8ರಿಂದ ಎಫ್/11ರ ನಡುವೆ ಇರಲಿ. ಬೆಳಕು ಜಾಸ್ತಿ ಅಂತ ಕಿಂಡಿಯನ್ನು ಎಫ್/22ಕ್ಕೆ ಕಿರಿದು ಮಾಡಿದರೆ ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಕಿಂಡಿ ಚಿಕ್ಕದಾದಷ್ಟೂ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100 ಇರಲಿ. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲೇ ತೆಗೆಯಿರಿ. ಇಂಥ ದಿನ ಆಕಾಶಕ್ಕೂ ಬಂಡೆಗೂ ಬೆಳಕಿನ ವ್ಯತ್ಯಾಸ ಬಹಳ, ಆಮೇಲೆ ತಿದ್ದಲು ಜಾಗ ಬೇಕು.

ಬಿಳಿ ನೊರೆ ಹುಷಾರು. ಫ್ರೇಮ್ ತುಂಬ ನೊರೆ ಇದ್ದರೆ ಕ್ಯಾಮೆರಾ ಮೋಸ ಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಕಪ್ಪು ಬಂಡೆ ಜಾಸ್ತಿ ಇದ್ದರೆ ಉಲ್ಟಾ, ನೊರೆ ಸುಟ್ಟು ಬರೀ ಬಿಳಿಯಾಗುತ್ತದೆ. ಹಿಂದಿನ ಪರದೆಯ ಹೊಳಪು ನಂಬಬೇಡಿ, ಹಿಸ್ಟೋಗ್ರಾಮ್ ನೋಡಿ. ಚಿತ್ರದಲ್ಲಿ ಕಪ್ಪಿನಿಂದ ಬಿಳಿವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ಬಲತುದಿಗೆ ಒತ್ತಿಕೊಂಡು ನಿಂತಿದ್ದರೆ ಬೆಳಕು ಕಡಿಮೆ ಮಾಡಿ. ಮೋಡ ಸರಿದಂತೆ ನಿಮಿಷಕ್ಕೊಮ್ಮೆ ಬೆಳಕು ಬದಲಾಗುವುದರಿಂದ ಹೊಸ ಅಲೆಗೆ ಮುಂಚೆ ಮತ್ತೆ ನೋಡಬೇಕು.

8. ಫಿಲ್ಟರ್ ಎಷ್ಟು ಬೇಕು?

ಫಿಲ್ಟರ್ ಎಂದರೆ ಲೆನ್ಸ್ ಮುಂದೆ ಕೂರಿಸುವ ಗಾಜು. ಎರಡು ಸಾಕು. ಒಂದು ಪೋಲರೈಸರ್. ನೀರಿನ, ಒದ್ದೆ ಬಂಡೆಯ ಮೇಲಿನ ಹೊಳಪು ಕತ್ತರಿಸಿ ಒಳಗಿನ ಬಣ್ಣ ತೋರಿಸುತ್ತದೆ. ಆಕಾಶದಲ್ಲಿ ಇದರ ಪರಿಣಾಮ ಸೂರ್ಯನಿಗೆ 90 ಡಿಗ್ರಿ ದಿಕ್ಕಿನಲ್ಲಿ ಅತಿ ಹೆಚ್ಚು. ಹಾಗಾಗಿ ತುಂಬ ವೈಡ್ ಲೆನ್ಸ್‌ನಲ್ಲಿ ನೀಲಿ ಆಕಾಶದ ಒಂದು ಕಡೆ ಮಾತ್ರ ಕಪ್ಪಾಗಿ ಕಲೆಯಂತೆ ಕಾಣುತ್ತದೆ. ಒದ್ದೆ ಮರಳಿನ ಪ್ರತಿಬಿಂಬವೇ ಬೇಕಾದಾಗ ಇದನ್ನು ತೆಗೆದುಬಿಡಿ, ಅದನ್ನೂ ಅಳಿಸಿಬಿಡುತ್ತದೆ.

ಇನ್ನೊಂದು ಎನ್‌ಡಿ, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು. 3 ಸ್ಟಾಪ್‌ನದು ಬೆಳಕನ್ನು 8ನೇ ಒಂದು ಭಾಗಕ್ಕೆ, 6 ಸ್ಟಾಪ್‌ನದು 64ನೇ ಒಂದಕ್ಕೆ, 10 ಸ್ಟಾಪ್‌ನದು ಸುಮಾರು 1000ನೇ ಒಂದಕ್ಕೆ ಇಳಿಸುತ್ತದೆ. ಫಿಲ್ಟರ್ ಇಲ್ಲದೆ 1/30 ಸೆಕೆಂಡ್ ಇದ್ದರೆ 10 ಸ್ಟಾಪ್‌ನಲ್ಲಿ 30 ಸೆಕೆಂಡಿಗಿಂತ ತುಸು ಜಾಸ್ತಿ. ಮೊದಲ ಸಲ ಕೊಳ್ಳುವವರು ಹೆಚ್ಚಾಗಿ 10 ಸ್ಟಾಪ್ ಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲು 3 ಅಥವಾ 6 ಸ್ಟಾಪ್ ಕೊಳ್ಳಿ. ಮೋಡದ ದಿನ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಸಿಗಲು ಅಷ್ಟೇ ಬೇಕಾಗುವುದು. ಜೋರು ಗಾಳಿಯಲ್ಲಿ ನಿಮಿಷಗಟ್ಟಲೆ ಷಟರ್ ತೆರೆದಿಟ್ಟರೆ ಟ್ರೈಪಾಡ್ ಅಲುಗಾಡದೆ ಇರುವುದು ಕಷ್ಟ.

9. ಮಳೆ ಬರುವಾಗ, ಬಂದಾಗ, ನಿಂತಾಗ

ದೂರದಲ್ಲಿ ಮಳೆಯ ಪರದೆ ಸಮುದ್ರದ ಮೇಲೆ ಸರಿದು ಬರುತ್ತಿದ್ದರೆ ಉದ್ದದ ಜೂಮ್ ತೆಗೆಯಿರಿ. ವೈಡ್‌ನಲ್ಲಿ ಅದು ಚಿಕ್ಕ ಕಲೆಯಾಗುತ್ತದೆ. ಮೋಡದ ಸಂದಿಯಿಂದ ಬಿಸಿಲಿನ ಕೋಲು ನೀರಿನ ಮೇಲೆ ಬಿದ್ದರೂ ಹಾಗೇ. ಗಾಳಿ ಏಕಾಏಕಿ ತಣ್ಣಗಾಗಿ ದಿಕ್ಕು ಬದಲಿಸಿದರೆ ಮಳೆ ಹತ್ತಿರ ಬಂತು ಅಂತ ಲೆಕ್ಕ, ಕವರ್ ಹಾಕಿ, ಮೇಲಕ್ಕೆ ಬನ್ನಿ.

ಗುಡುಗು ಕೇಳಿಸಿದರೆ ಆಟ ಮುಗಿಯಿತು. ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಇದ್ದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರದಲ್ಲಿದೆ. 30 ಸೆಕೆಂಡ್ ಇದ್ದರೂ, ಅಂದರೆ 10 ಕಿಲೋಮೀಟರ್ ಆಚೆ ಇದ್ದರೂ, ಮುಂದಿನದು ನಿಮ್ಮ ಹತ್ತಿರ ಬೀಳಬಹುದು. ಬಯಲಾದ ತೀರದಲ್ಲಿ ಎತ್ತರವಾಗಿ ನಿಂತಿರುವುದು ನೀವು ಮತ್ತು ನಿಮ್ಮ ಟ್ರೈಪಾಡ್. ಕಾರ್ಬನ್ ಫೈಬರ್ ಆದರೆ ಪರವಾಗಿಲ್ಲ ಅಂತ ಕೆಲವರು ನಂಬಿದ್ದಾರೆ. ತಪ್ಪು, ಅದರಲ್ಲೂ ವಿದ್ಯುತ್ ಹರಿಯುತ್ತದೆ. ಕಟ್ಟಡ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ.

ಸಾಧಾರಣ ಮಳೆ ನಿಂತ ಕೂಡಲೇ ಸೂರ್ಯನಿಗೆ ಬೆನ್ನು ಮಾಡಿ ಆಕಾಶ ನೋಡಿ, ಆದರೆ ನೀರಿನಿಂದ ದೂರ ನಿಂತು. ಕಾಮನಬಿಲ್ಲು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲೇ ಮೂಡುತ್ತದೆ, ಸೂರ್ಯನ ನೇರ ಎದುರಿನ ಬಿಂದುವಿನಿಂದ ಬಿಲ್ಲಿಗೆ ಸುಮಾರು 42 ಡಿಗ್ರಿ. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಎತ್ತರದಲ್ಲಿದ್ದರೆ ತೀರದಲ್ಲಿ ನಿಂತವರಿಗೆ ಕಾಣುವುದಿಲ್ಲ. ಬೆಳಗ್ಗೆ, ಸಂಜೆ ಬಿಲ್ಲು ದೊಡ್ಡದಾಗಿರುತ್ತದೆ. ಪೂರ್ತಿ ಬಿಲ್ಲು ಒಂದೇ ಫ್ರೇಮಿಗೆ ಹಿಡಿಯಲು ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಮಿಲಿಮೀಟರ್‌ಗಿಂತ ವೈಡ್ ಲೆನ್ಸ್ ಬೇಕು. ಪೋಲರೈಸರ್ ಇದ್ದರೆ ಮೆಲ್ಲಗೆ ತಿರುಗಿಸಿ ನೋಡಿ. ಒಂದು ಕಡೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆ ಮಾಯವೇ ಆಗುತ್ತದೆ.

ಇಡೀ ದಿನ ಬೂದು ಮೋಡವೇ ಇದ್ದರೆ? ಆಕಾಶವನ್ನು ಫ್ರೇಮಿನಲ್ಲಿ ತೆಳುವಾಗಿಸಿ ಅಥವಾ ಬಿಟ್ಟೇಬಿಡಿ. ಒದ್ದೆ ಬಂಡೆಯ ಗೆರೆಗಳು, ಮರಳಿನಲ್ಲಿ ನೀರು ಕೊರೆದ ಕಾಲುವೆ, ಚಿಪ್ಪಿನ ಸುತ್ತ ಸುಳಿದ ನೊರೆ, ಇವುಗಳಿಗೆ ನೆರಳಿಲ್ಲದ ಬೂದು ಬೆಳಕಿಗಿಂತ ಒಳ್ಳೆಯದಿಲ್ಲ. ಒಂಟಿ ಬಂಡೆ, ಸುತ್ತ ನೀರು, ದೀರ್ಘ ಎಕ್ಸ್‌ಪೋಶರ್ (ಷಟರ್ ಬಹಳ ಹೊತ್ತು ತೆರೆದಿಡುವುದು), ಕಪ್ಪು-ಬಿಳುಪು: ಇದೂ ಇಂಥ ದಿನಕ್ಕೇ ಸರಿ.

10. ಲೆನ್ಸ್ ಒರೆಸುವ ಕ್ರಮ

ಉಪ್ಪುಹನಿ ಒಣಗಿದರೆ ಹರಳಾಗುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗಾಜಿನ ಮೇಲಿನ ಲೇಪಕ್ಕೆ ಗೀರು ಬೀಳುತ್ತದೆ. ಮೊದಲು ಬುರುಡೆಯಿಂದ ಊದಿ ಮರಳು ಹಾರಿಸಿ. ಆಮೇಲೆ ಸಿಹಿನೀರಿನಲ್ಲಿ ತೇವ ಮಾಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕೊನೆಗೆ ಒಣ ಬಟ್ಟೆ. ಪ್ರತಿ ನಾಲ್ಕೈದು ಫೋಟೊಗೊಮ್ಮೆ ಲೆನ್ಸ್ ನೋಡಿ. ಸೂರ್ಯನ ಕಡೆ ಮುಖ ಮಾಡಿ ತೆಗೆಯುವಾಗ ಒಂದು ಹನಿ ಇದ್ದರೂ ಚಿತ್ರದಲ್ಲಿ ದೊಡ್ಡ ಮಸುಕು. ಅಲೆಗೆ ಕಾಯುವಾಗ ಲೆನ್ಸ್ ಮುಂದೆ ಬಟ್ಟೆ ಹಿಡಿದಿರಿ, ಕ್ಲಿಕ್ ಮಾಡುವ ಮುಂಚೆ ತೆಗೆಯಿರಿ.

11. ಮನೆಗೆ ಬಂದ ಮೇಲೆ, ಅದೇ ರಾತ್ರಿ

ಸುಸ್ತಾಗಿರುತ್ತೀರಿ, ಆದರೂ ನಾಳೆಗೆ ಇಡಬೇಡಿ. ಉಪ್ಪು ರಾತ್ರಿಯೇ ಕೆಲಸ ಶುರು ಮಾಡುತ್ತದೆ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆಯಿರಿ, ಕೀಲುಗಳನ್ನು ಬಿಚ್ಚಿ ಮರಳು ತೆಗೆಯಿರಿ, ಎಳೆದ ಸ್ಥಿತಿಯಲ್ಲೇ ಒಣಗಲು ಬಿಡಿ. ಕ್ಯಾಮೆರಾ, ಲೆನ್ಸ್‌ನ ಹೊರಮೈಯನ್ನು ತೇವದ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಹೊರಗೆ ಚಳಿ, ಒಳಗೆ ಬೆಚ್ಚಗೆ ಇದ್ದರೆ ಚೀಲ ತಕ್ಷಣ ತೆರೆಯದೆ ಒಂದೆರಡು ಗಂಟೆ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸ್ ಒಳಗೆ ಹಬೆ ಕಟ್ಟುತ್ತದೆ. ಮೆಮೊರಿ ಕಾರ್ಡನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಂಡರೆ ಕಾಯುವಾಗ ಫೋಟೊ ನೋಡಬಹುದು.

ಕ್ಯಾಮೆರಾದೊಳಗೆ ಉಪ್ಪುನೀರು ಹೋಗಿದೆ ಅನಿಸಿದರೆ ತಕ್ಷಣ ಬ್ಯಾಟರಿ, ಕಾರ್ಡ್ ತೆಗೆಯಿರಿ. "ಕೆಲಸ ಮಾಡುತ್ತಾ ನೋಡೋಣ" ಅಂತ ಆನ್ ಮಾಡಬೇಡಿ, ಒಳಗಿನ ಸರ್ಕ್ಯೂಟ್ ಸುಡುವುದು ಆಗಲೇ. ಹೇರ್ ಡ್ರೈಯರ್ ಹಿಡಿಯಬೇಡಿ. ಅಕ್ಕಿಯಲ್ಲಿ ಹೂತಿಟ್ಟರೂ ಪ್ರಯೋಜನವಿಲ್ಲ, ನೀರು ಆರಿದರೂ ಉಪ್ಪು ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ. ಹೊರಗಿನ ನೀರು ಒರೆಸಿ, ಬ್ಯಾಟರಿ ಬಾಗಿಲು ತೆರೆದಿಟ್ಟು, ಆದಷ್ಟು ಬೇಗ ರಿಪೇರಿಯವರ ಹತ್ತಿರ ಒಯ್ಯಿರಿ. ಒಳಹೋದದ್ದು ಉಪ್ಪುನೀರು ಅಂತ ಮೊದಲ ಮಾತಿನಲ್ಲೇ ಅವರಿಗೆ ಹೇಳಿ.